ಮಗ್ಗಕ್ಕೆ ಎಣ್ಣೆ ಬಿಟ್ಟ ಹಾಗೆ

ನನ್ನ ದನಿ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಮುಂದೆ ಹೇಳುವುದರಲ್ಲೆಲ್ಲ ನಾಚಿಕೆಪಡಬೇಕಾದದ್ದೇ ಇರುವುದರಿಂದ ಇದೊಂದನ್ನು ಮೊದಲು ಹೇಳಿ ಮುಗಿಸುತ್ತೇನೆ. ಜಮಖಂಡಿಯಲ್ಲಿ ಧ್ವಜಾರೋಹಣವಿರಲಿ, ಬೀಳಗಿಯಲ್ಲಿ ಯಾರದೋ ನಿವೃತ್ತಿಯ ಸತ್ಕಾರವಿರಲಿ, ನಿರೂಪಣೆಗೆ ನನ್ನನ್ನೇ ಕರೆಯುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಅರ್ಧ ಮರಾಠಿ, ಅರ್ಧ ಕನ್ನಡ. ಅದಕ್ಕೇ ಏನೋ, ಮೈಕು ಕೈಗೆ ಬಂದಾಗ ನನ್ನ ಕನ್ನಡ ಇಸ್ತ್ರಿ ಮಾಡಿದ ಪತ್ತಲದಷ್ಟು ಗರಿಗರಿಯಾಗಿರುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ನಾನು ಬನಹಟ್ಟಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಜಮಖಂಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ವಿಜ್ಞಾನಕ್ಕೂ ನನಗೂ ಇದ್ದ ಸಂಬಂಧ ಎಸ್ಸೆಸ್ಸೆಲ್ಸಿಯ ಮೂವತ್ತೈದು ಅಂಕಕ್ಕೆ ಮುಗಿದಿತ್ತು. ಆ ಮೂವತ್ತೈದರಲ್ಲಿ ನನ್ನ ಪಾಲೆಷ್ಟು, ಪೇಪರ್ ತಿದ್ದಿದವರ ಕರುಣೆಯ ಪಾಲೆಷ್ಟು ಎನ್ನುವುದು ದೇವರಿಗೇ ಗೊತ್ತು.

ಕೊರೋನಾದಲ್ಲಿ ಸಾಲೆಗಳು ಮುಚ್ಚಿದಾಗ ಮುಧೋಳದಿಂದ ಒಬ್ಬರು ಫೋನು ಮಾಡಿದರು. ಅವರದೊಂದು ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಪ್ಪಸ, ಕೂಸಿಗೆ ಹೆಸರಿಡುವ ಬಾರಸೆಗಳ ವಿಡಿಯೋ ತೆಗೆದು ಬದುಕುತ್ತಿದ್ದವರು. ಮದುವೆಗಳೇ ನಿಂತುಹೋಗಿ ಕ್ಯಾಮೆರಾ ಮೂಲೆ ಸೇರಿತ್ತು. ಬೀಳಗಿಯ ಸಮಾರಂಭವೊಂದರಲ್ಲಿ ನನ್ನ ದನಿ ಕೇಳಿದ್ದರಂತೆ.

"ಮೇಡಮ್ಮಾರ, ವಿಜ್ಞಾನದ್ದೊಂದು ಚಾನೆಲ್ ಮಾಡೋಣ್ರಿ. ಬರದ್ದು ನಾ ಕೊಡ್ತೇನಿ. ನೀವು ಓದಿದ್ರ ಆತು."

"ವಿಜ್ಞಾನ ನನಗ ಬರೂದಿಲ್ರಿ," ಅಂದೆ.

"ನನಗೂ ಬರೂದಿಲ್ರಿ. ನೋಡಾವ್ರಿಗೂ ಬರೂದಿಲ್ಲ," ಅಂದು ಅವರು ನಕ್ಕರು. ನಾನೂ ನಕ್ಕೆ. ಆ ನಗುವಿನಲ್ಲೇ ಒಪ್ಪಿಗೆ ಆಗಿಹೋಯಿತು.

ಸ್ಟುಡಿಯೋದ ಒಳಕೋಣೆಯಲ್ಲಿ ಮದುಮಕ್ಕಳನ್ನು ನಿಲ್ಲಿಸುವ ಗುಲಾಬಿ ಪರದೆಯನ್ನು ಸರಿಸಿ ನೀಲಿ ಬಟ್ಟೆ ಕಟ್ಟಿದ್ದರು. ಎರಡನೆಯ ಸಲ ಹೋದಾಗ ಕುರ್ಚಿಯ ಮೇಲೆ ಒಂದು ಬಿಳಿ ಕೋಟು ಮಡಿಚಿಟ್ಟಿತ್ತು. ನಾನೇನು ಡಾಕ್ಟರೇ ಎಂದು ಕೇಳಿದೆ. "ಡಾಕ್ಟರ್ ಅಂತ ಎಲ್ಲಿ ಹೇಳಾಕತ್ತೇವ್ರಿ? ಬರೇ ಕೋಟು. ಚಂದ ಕಾಣತೈತಿ," ಅಂದರು. ತೋಳಿಗೆ ತುಸು ಉದ್ದವಾಯಿತು, ಒಳಕ್ಕೆ ಮಡಿಚಿ ಹಾಕಿಕೊಂಡೆ. ಕನ್ನಡಿಯ ಮುಂದೆ ಒಂದು ಸಲ ಅಲ್ಲ, ಮೂರು ಸಲ ನೋಡಿಕೊಂಡೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ತಾಮ್ರದ ಬಿಂದಿಗೆಯ ನೀರು, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುವುದು, ಉತ್ತರಕ್ಕೆ ತಲೆ ಹಾಕಿ ಮಲಗಿದರೆ ರಕ್ತದ ಕಬ್ಬಿಣಕ್ಕೆ ಏನಾಗುತ್ತದೆ ಎನ್ನುವುದು, ಹೀಗೆ ಏನೇನೋ ಓದಿದೆ. ಅವರು ಎಲ್ಲೆಲ್ಲಿಂದಲೋ ಹೆಕ್ಕಿ ತರುತ್ತಿದ್ದ ಹಾಳೆಗಳಲ್ಲಿ ಕಾಗುಣಿತ ಕೆಟ್ಟಿರುತ್ತಿತ್ತು. ಅದನ್ನು ನಾನು ಸಿಟ್ಟಿನಿಂದ ತಿದ್ದುತ್ತಿದ್ದೆ. ಮಾತು ಖರೆಯೋ ಸುಳ್ಳೋ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ದೀರ್ಘ ತಪ್ಪಿದರೆ ಮೈ ಉರಿಯುವ ನನಗೆ ಅದೊಂದು ಉರಿಯಲಿಲ್ಲ.

ಜನ ಗುರುತು ಹಿಡಿಯತೊಡಗಿದರು. ಬಾಡಗಂಡಿಯ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಪಕ್ಕದ ಮುದುಕಿ ತನ್ನ ಮೊಣಕಾಲನ್ನು ನನ್ನ ಎಲೆಯ ಹತ್ತಿರಕ್ಕೇ ಚಾಚಿ, "ಡಾಕ್ಟರಬಾಯಿ, ಇದಕ್ಕೇನ್ ಮಾಡ್ಲಿ?" ಎಂದು ಕೇಳಿದಳು. ನಾನು ಡಾಕ್ಟರಲ್ಲ ಎಂದು ಹೇಳಲು ಒಂದು ಗಳಿಗೆ ಸಾಕಿತ್ತು. ಬಾಯಲ್ಲಿ ಹೋಳಿಗೆ ಇತ್ತು. ನುಂಗಿದ ಮೇಲೆ, "ಬಿಸಿನೀರಿನ ಶಾಖ ಕೊಡ್ರಿ," ಎಂದು ವಿಡಿಯೋದ ಅದೇ ದನಿಯಲ್ಲಿ ಹೇಳಿದೆ. ಮುದುಕಿ ಕೈ ಮುಗಿದಳು.

ಸಾಲೆಗಳು ಮತ್ತೆ ತೆರೆದ ಮೇಲೂ ಭಾನುವಾರಗಳಂದು ಮುಧೋಳಕ್ಕೆ ಹೋಗುವುದು ತಪ್ಪಲಿಲ್ಲ. ಹಾಗೊಂದು ಭಾನುವಾರ ಕಿವಿಯ ಹಾಳೆ ಬಂತು. ಬೆಳ್ಳುಳ್ಳಿ ಹಾಕಿ ಕುದಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರೆ ಕಿವಿಯ ಯಾವ ತೊಂದರೆಯೂ ಉಳಿಯುವುದಿಲ್ಲ, ಮಂದವಾದ ಕಿವಿ ಚುರುಕಾಗುತ್ತದೆ ಎಂದು ಬರೆದಿತ್ತು. ನಮ್ಮ ಕಡೆ ಎಣ್ಣೆ ನೀರು ಹಾಕುವಾಗ ಕೂಸಿನ ಕಿವಿಗೂ ಎರಡು ಹನಿ ಬಿಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ರಬಕವಿ-ಬನಹಟ್ಟಿಯಲ್ಲಿ ಕಿವಿ ಮಂದವಾಗುವುದೂ ಇದ್ದದ್ದೇ. ಪವರ್‌ಲೂಮುಗಳ ನಡುವೆ ಮೂವತ್ತು ವರ್ಷ ನಿಂತವರು ಪಕ್ಕದಲ್ಲಿ ಕೂತರೂ ಆಚೆ ಓಣಿಗೆ ಕೇಳುವ ಹಾಗೆ ಮಾತಾಡುತ್ತಾರೆ. ಹಾಳೆ ನನಗೆ ಸಪ್ಪೆ ಎನಿಸಿತು. ಎಂಟನೆಯ ತರಗತಿಯ ಪುಸ್ತಕದಲ್ಲೆಲ್ಲೋ ಕಿವಿಯೊಳಗೆ ಮೂರು ಪುಟ್ಟ ಎಲುಬುಗಳಿವೆ ಎಂದು ನೋಡಿದ್ದು ನೆನಪಾಯಿತು. ಪೆನ್ನು ಕೇಳಿ ಪಡೆದು ಈ ಸಾಲುಗಳನ್ನು ಸೇರಿಸಿದೆ:

"ನಮ್ಮ ಕಿವಿಯೊಳಗೆ ಮೂರು ಪುಟ್ಟ ಎಲುಬುಗಳಿವೆ. ಮಗ್ಗದ ಕೀಲುಗಳ ಹಾಗೆ ಅವು ದಿನವಿಡೀ ಆಡುತ್ತಲೇ ಇರುತ್ತವೆ. ಮುಂಜಾನೆ ಎದ್ದು ಮಗ್ಗಕ್ಕೆ ಎಣ್ಣೆ ಬಿಡುವ ಅಣ್ಣ, ನಿನ್ನ ಕಿವಿಯ ಕೀಲಿಗೆ ಎಂದಾದರೂ ಎಣ್ಣೆ ಬಿಟ್ಟಿದ್ದೀಯಾ?"

ಕೊನೆಯ ಪ್ರಶ್ನೆಯಲ್ಲಿ ದನಿಯನ್ನು ಸ್ವಲ್ಪ ಇಳಿಸಿದೆ. ಸ್ಟುಡಿಯೋದವರು ಕ್ಯಾಮೆರಾ ಬಿಟ್ಟು ಬಂದು, "ಏನ್ ಹೇಳಿದ್ರಿ ಮೇಡಮ್ಮಾರ," ಅಂದರು. ನಮ್ಮ ಚಾನೆಲ್ಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅದನ್ನೇ. ಬನಹಟ್ಟಿಯ ಓಣಿಗಳಲ್ಲಿ ಅದು ಫೋನಿನಿಂದ ಫೋನಿಗೆ ಹಾರಿತು.

ಎಚ್ಚರಿಸಿದವರು ಯಾರೂ ಇರಲಿಲ್ಲ ಎಂದು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಮ್ಮ ಸಾಲೆಯ ವಿಜ್ಞಾನದ ಮಾಸ್ತರರು ಮೆತ್ತಗಿನ ದನಿಯ ಮನುಷ್ಯ, ಹಿಂದಿನ ಬೆಂಚಿನ ಹುಡುಗರಿಗೆ ಅವರ ಪಾಠ ಕೇಳಿಸುವುದೇ ಇಲ್ಲ. ಚಹಾದ ಹೊತ್ತಿಗೆ ನನ್ನ ಹತ್ತಿರ ಬಂದು, "ಮೇಡಂ, ಆ ಎಣ್ಣಿ ಎಲುಬಿನ ತನಕ ಹೋಗೂದಿಲ್ರಿ. ನಡುವ ಪರದಿ ಇರ್ತೈತಿ. ಕಿವಿ ಸೋರಾವ್ರು ಯಾರರೆ ಹಾಕ್ಕೊಂಡ್ರ..." ಎನ್ನುವಷ್ಟರಲ್ಲಿ ನಾನು, "ಸರ್, ನಿಮ್ಮ ಪಾಠ ಮೊದಲ ನಮ್ಮ ಹುಡುಗರಿಗೆ ಕೇಳಿಸ್ಲಿ, ಆಮ್ಯಾಲೆ ನನ್ನದನ್ನ ತಿದ್ದೀರಂತ," ಎಂದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಅವರೂ ನಕ್ಕಹಾಗೆ ಮಾಡಿ ಕಪ್ಪು ತೊಳೆಯಲು ಹೋದರು. ಅಂದು ಒಳ್ಳೆಯ ಮಾತು ಹೊಡೆದೆ ಎಂದು ಬಸ್ಸಿನಲ್ಲಿ ಮನೆ ತಲುಪುವ ತನಕ ಖುಷಿಪಟ್ಟೆ.

ಈಗ ಆ ಹುಡುಗಿಯ ವಿಷಯ. ಒಂಬತ್ತನೆಯ ತರಗತಿ, ನೇಕಾರರ ಮನೆಯವಳು. ಕಂಠಪಾಠ ಸ್ಪರ್ಧೆಗೆ ಎರಡು ವರ್ಷದಿಂದ ನಾನೇ ತಯಾರು ಮಾಡುತ್ತಿದ್ದೆ. ಅವಳು ಪದ್ಯ ಓದಿದರೆ ಬೇರೆ ಕ್ಲಾಸಿನವರು ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಎಲ್ಲಿ ತಡೆಯಬೇಕು, ಎಲ್ಲಿ ಎತ್ತಬೇಕು ಎನ್ನುವುದನ್ನು ನನ್ನನ್ನು ನೋಡಿಯೇ ಕಲಿತವಳು. ಪಾಠದ ನಡುವೆ ನಾನು ಗಂಟಲು ಸರಿಮಾಡಿಕೊಳ್ಳುವುದನ್ನು ಕೂಡ ಕಲಿತಿದ್ದಳು. ನನಗೆ ಮಕ್ಕಳಿಲ್ಲ. ನನ್ನ ದನಿಯ ವಾರಸುದಾರಳು ಇವಳೇ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಅವಳು ಬದಲಾದಳು. ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಓದಲು ಹೇಳಿದರೆ ಒಂದೋ ಕಿರುಚುವಷ್ಟು ಜೋರು, ಇಲ್ಲವೇ ಪಿಸುಮಾತು. ಉಕ್ತಲೇಖನ ಬರೆಸಿದರೆ ಸಾಲಿಗೆ ಸಾಲೇ ಖಾಲಿ. ಕಂಠಪಾಠದಲ್ಲಿ ಬಹುಮಾನ ಬಂದಮೇಲೆ ತಲೆಗೆ ಏರಿದೆ ಎಂದು ನಾನು ತೀರ್ಮಾನಿಸಿದೆ. ಒಂದು ದಿನ ಎರಡು ಸಲ ಹೆಸರು ಹಿಡಿದು ಕರೆದರೂ ಏಳಲಿಲ್ಲ. "ಕಿವ್ಯಾಗ ಹತ್ತಿ ಇಟ್ಟುಕೊಂಡು ಕುಂತೀಯೇನ?" ಎಂದು ಎಲ್ಲರ ಮುಂದೆ ಕೇಳಿದೆ. ಕ್ಲಾಸು ನಕ್ಕಿತು. ಅವಳು ಕೆಂಪಾಗಿ, ವೇಲನ್ನು ಎಳೆದು ಕಿವಿಯ ಮೇಲೆ ಹಾಕಿಕೊಂಡಳು. ಅವಳ ಕಿವಿಯಲ್ಲಿ ಹತ್ತಿ ಇದ್ದೇ ಇತ್ತು. ಅದು ನನಗೆ ಆಮೇಲೆ ತಿಳಿಯಿತು.

ಇನ್ನೂ ಒಂದಿದೆ. ಅವಳ ಹತ್ತಿರ ಬೆಳ್ಳುಳ್ಳಿಯ ನಾತ ಬರುತ್ತದೆ ಎಂದು ಪಕ್ಕದ ಹುಡುಗಿಯರು ದೂರು ಹೇಳಿದರು. ಹೌದು, ಬರುತ್ತಿತ್ತು, ನನಗೂ ಬಂದಿತ್ತು. ನಾನು ಅವಳನ್ನು ಎರಡನೆಯ ಬೆಂಚಿನಿಂದ ಎಬ್ಬಿಸಿ ಕೊನೆಯ ಬೆಂಚಿಗೆ ಕಳಿಸಿದೆ. ಆ ನಾತ ಎಲ್ಲಿಯದು ಎಂದು ನನಗೆ ಹೊಳೆಯಲಿಲ್ಲ ಎಂದರೆ ಓದುವವರು ನಂಬಲಿಕ್ಕಿಲ್ಲ. ಖರೆಯಾಗಿ ಹೊಳೆಯಲಿಲ್ಲ. ನಾನು ಹೇಳಿದ್ದನ್ನು ಯಾರಾದರೂ ಮಾಡುತ್ತಾರೆ ಎನ್ನುವ ವಿಚಾರವೇ ನನ್ನ ತಲೆಯಲ್ಲಿರಲಿಲ್ಲ.

ಉಕ್ತಲೇಖನದ ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು, ಅವಳ ತಾಯಿಗೆ ದೂರು ಹೇಳಬೇಕೆಂದು ಒಂದು ಸಂಜೆ ಸಾಲೆ ಬಿಟ್ಟ ಮೇಲೆ ಅವಳ ಹಿಂದೆಯೇ ಮನೆಗೆ ಹೋದೆ. ಬಾಗಿಲು ದಾಟಿದರೆ ಮನೆಯಲ್ಲ, ನಾಲ್ಕು ಪವರ್‌ಲೂಮು. ಗದ್ದಲಕ್ಕೆ ಎದೆಯೊಳಗೇ ನಡುಕ ಬಂತು. ತಾಯಿ ಒಂದು ಮಗ್ಗದ ಮುಂದಿದ್ದಳು. ನನ್ನನ್ನು ಕಂಡು ಕೈ ಸನ್ನೆಯಲ್ಲೇ ಬರಮಾಡಿಕೊಂಡಳು, ಸನ್ನೆಯಲ್ಲೇ ಕೂರಿಸಿದಳು. ಮಗಳಿಗೆ ಹೆಬ್ಬೆರಳು ಬಾಯಿಗೆ ತೋರಿಸಿ ನೀರು ತರಲು ಹೇಳಿದಳು, ಎರಡು ಬೆರಳು ತಿರುವಿ ಚಹಾಕ್ಕಿಡಲು ಹೇಳಿದಳು. ಮಗಳು ಚಕಚಕನೆ ಮಾಡಿದಳು. ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಎಲ್ಲರೂ ಹೀಗೇ ಮಾತಾಡುವುದು. ಒಬ್ಬರ ಕಿವಿ ಹೋದರೂ ಯಾರಿಗೂ ಗೊತ್ತಾಗಲು ದಾರಿಯೇ ಇಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಗೇ ನಿಂತವು. ಹುಡುಗಿ ನನ್ನ ಕಡೆ ಬೆನ್ನು ಮಾಡಿ ಗ್ಯಾಸಿನ ಮುಂದೆ ನಿಂತಿದ್ದಳು. ನಾನು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ವೇದಿಕೆಯ ದನಿಯಲ್ಲಿ ಇನ್ನೊಮ್ಮೆ ಕರೆದೆ. ಅವಳು ಚಹಾದ ಪುಡಿ ಹಾಕುತ್ತಲೇ ಇದ್ದಳು. ತಾಯಿ ಮಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಮನೆ ಅಷ್ಟು ಶಾಂತವಾದಾಗ ಅವಳು ಮಗಳನ್ನು ಹೆಸರು ಹಿಡಿದು ಕರೆದು ಎಷ್ಟು ದಿನವಾಗಿತ್ತೋ ಏನೋ.

"ಕಿವಿ ಸೋರಾಕತ್ತಿತ್ರಿ ಅಕ್ಕಾರ," ಎಂದಳು ತಾಯಿ, ಮೆಲ್ಲಗೆ. "ನೀವು ಹೇಳಿದಂಗ ಮಾಡಾಕತ್ತೇವ್ರಿ. ಮೂರು ತಿಂಗಳಾತು, ಒಂದ ದಿನಾನೂ ತಪ್ಪಿಸಿಲ್ಲ."

"ನಾನು ಏನ್ ಹೇಳೀನ್ರಿ?"

ಅವಳು ಗೂಡಿನಿಂದ ಫೋನು ತೆಗೆದು ಒತ್ತಿದಳು. ಮೊದಲು ನನ್ನ ದನಿ ಬಂತು, ಆಮೇಲೆ ಬಿಳಿ ಕೋಟಿನ ನಾನು ಬಂದೆ. ಮುಂಜಾನೆ ಎದ್ದು ಮಗ್ಗಕ್ಕೆ ಎಣ್ಣೆ ಬಿಡುವ ಅಣ್ಣ. ನಿಂತ ಮಗ್ಗಗಳ ನಡುವೆ ಅದು ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತೆಂದರೆ ಕೊನೆಯಲ್ಲಿ ನಾನು ದನಿ ಇಳಿಸಿದ್ದೂ ಕೇಳಿಸಿತು. ಫೋನಿದ್ದ ಗೂಡಿನಲ್ಲೇ ಮಗ್ಗದ ಎಣ್ಣೆಯ ಡಬ್ಬಿ ಇತ್ತು. ಅದರ ಪಕ್ಕದಲ್ಲಿ ಒಂದು ಸಣ್ಣ ಶೀಶೆ, ತಳದಲ್ಲಿ ಕಪ್ಪಾದ ಬೆಳ್ಳುಳ್ಳಿ ಎಸಳುಗಳು.

"ನಮ್ಮ ಮನ್ಯಾವ್ರು ದವಾಖಾನಿಗೆ ಹೋಗೂಣು ಅಂದಿದ್ರು. ನಾನ ಬ್ಯಾಡಂದೆ. ಸಾಲಿ ಅಕ್ಕಾರು ಹೇಳ್ಯಾರಂದ್ರ ಸುಳ್ಳ ಹೇಳ್ತಾರೇನು ಅಂದೆ," ಎಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇನ್ನೂ ಎಷ್ಟು ದಿನ ಬಿಡಬೇಕು ಎಂದು ಕೇಳಲು ಕಾಯುತ್ತಿದ್ದಳು. ನಾನು ಚಹಾ ಕುಡಿಯಲಿಲ್ಲ. ನಾಳೆಯೇ ಕಿವಿಯ ಡಾಕ್ಟರಿಗೆ ತೋರಿಸಬೇಕು, ನಾನೇ ಬರುತ್ತೇನೆ ಎಂದೆ. ನೋಟ್‌ಬುಕ್ಕು ಚೀಲದಲ್ಲೇ ಉಳಿಯಿತು.

ಜಮಖಂಡಿಯ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಚೀಟಿಯ ಹಿಂದೆ ಚಿತ್ರ ಬಿಡಿಸಿ ತೋರಿಸಿದರು. ಸರಿಯಾದ ಕಿವಿಯಲ್ಲಿ ನಡುವೆ ಒಂದು ಪರದೆ ಇರುತ್ತದೆ, ಎಣ್ಣೆ ಅದನ್ನು ದಾಟುವುದಿಲ್ಲ. ಇವಳ ಎಡಗಿವಿಯ ಪರದೆಯಲ್ಲಿ ಮೊದಲೇ ತೂತಿತ್ತು, ಸೋರುತ್ತಿದ್ದುದು ಅದಕ್ಕೇ. ಬಿಟ್ಟ ಎಣ್ಣೆ ಆ ತೂತಿನಿಂದ ಒಳಗಿಳಿದು ಎಲುಬುಗಳ ತನಕ ಹೋಗಿದೆ, ಕೀವು ಹೆಚ್ಚಾಗಿ ಒಳಗೆಲ್ಲ ಕೆಟ್ಟಿದೆ. ಬಲಗಿವಿ ಬರೇ ಬಾತು ಮುಚ್ಚಿಕೊಂಡಿದೆ, ಅದು ಔಷಧಕ್ಕೆ ಸರಿಹೋಗುತ್ತದೆ. ಎಡಗಿವಿ ಮರಳಿ ಬರುವುದು ಕಷ್ಟ.

ಅಂದರೆ ನಾನು ಹೇಳಿದ ಹಾಗೆ ಎಣ್ಣೆ ಆ ಮೂರು ಎಲುಬುಗಳನ್ನು ಮುಟ್ಟಿದ್ದು ಇವಳೊಬ್ಬಳ ಕಿವಿಯಲ್ಲಿ.

"ಎಣ್ಣಿ ಹಾಕ್ರಿ ಅಂತ ಯಾರು ಹೇಳಿದ್ರು?" ಎಂದು ಡಾಕ್ಟರು ಗದರಿದರು.

ತಾಯಿ ನನ್ನ ಕಡೆ ನೋಡಲಿಲ್ಲ. ನೆಲ ನೋಡಿ, "ಯಾರೋ ಮೊಬೈಲಿನ್ಯಾಗ ಹೇಳಿದ್ರು ಸಾಹೇಬ್ರ. ನಮಗ ತಿಳೀಲಿಲ್ಲ," ಎಂದಳು.

"ಮೊಬೈಲಿನ್ಯಾಗ ಹೇಳಿದ್ರ ಬಾವ್ಯಾಗ ಜಿಗೀತೀರೇನು?" ಎಂದು ಅವಳನ್ನು ಬೈದರು. ಬೈದು ನನ್ನ ಕಡೆ ತಿರುಗಿದರು. "ನೋಡ್ರಿ ಟೀಚರ್, ನಿಮ್ಮಂಥವ್ರು ಇವ್ರಿಗೆ ತಿಳಿಸಿ ಹೇಳ್ಬೇಕು. ನಿಮ್ಮ ಮಾತು ಕೇಳ್ತಾರ."

"ಹೌದ್ರಿ," ಎಂದೆ.

ಆ ಒಂದು ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಸಾವಿರಾರು ಜನರ ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದವಳಿಗೆ, ನಾಲ್ಕು ಜನರಿದ್ದ ಕೋಣೆಯಲ್ಲಿ ಗೊತ್ತಿದ್ದ ಒಂದೇ ಒಂದು ಸಂಗತಿ ಹೇಳಲು ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ತಾಯಿಯನ್ನು ಕೇಳಿದೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು. "ನಿಮ್ಮ ಹೆಸರು ಯಾಕ ಕೆಡಸೂದ್ರಿ ಅಕ್ಕಾರ. ನೀವರೆ ಏನ್ ಮಾಡ್ತೀರಿ, ಯಾರೋ ಬರದ್ದನ್ನ ಓದೀರಿ," ಎಂದಳು. ಮಗ್ಗದ ಮಾತು ಯಾರೂ ಬರೆದದ್ದಲ್ಲ, ಅದು ನನ್ನದೇ ಎಂದು ಅಲ್ಲಿಯಾದರೂ ಹೇಳಬೇಕಿತ್ತು. ಬನಹಟ್ಟಿಯ ಬಸ್ಸು ಬಂತು. ಅವರನ್ನು ಹತ್ತಿಸಿ ಕೈ ಬೀಸಿದೆ.

ಸ್ಟುಡಿಯೋದವರಿಗೆ ಹೇಳಿ ವಿಡಿಯೋ ತೆಗೆಸಿದೆ. ಅವರಿಗೂ ಕೆಟ್ಟದೆನಿಸಿತು, ಅದನ್ನು ಇಲ್ಲವೆನ್ನಲಾರೆ. ಆದರೆ ಅಷ್ಟರಲ್ಲಿ ಬೇರೆ ಯಾರ್ಯಾರೋ ಅದನ್ನು ಎತ್ತಿಕೊಂಡು ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು. ನಾನು ಪತ್ತಲ ಉಟ್ಟು, ಕೋಟಿಲ್ಲದೆ, ಇನ್ನೊಂದು ವಿಡಿಯೋ ಮಾಡಿದೆ. ನಾನು ಕನ್ನಡ ಕಲಿಸುವವಳು, ವಿಜ್ಞಾನದಲ್ಲಿ ನನಗೆ ಬಂದದ್ದು ಮೂವತ್ತೈದು, ಕಿವಿಯ ಬಗ್ಗೆ ಹೇಳಿದ್ದು ತಪ್ಪು, ಕಿವಿ ಸೋರಿದರೆ ಏನೂ ಹಾಕದೆ ಡಾಕ್ಟರಿಗೆ ತೋರಿಸಿ ಎಂದೆ. ಹೇಳಬೇಕಾದ್ದನ್ನು ಆ ಮೊದಲು ವಿಜ್ಞಾನದ ಮಾಸ್ತರರ ಹತ್ತಿರ ಕೂತು ಬರೆಸಿಕೊಂಡೆ. ಸ್ಟಾಫ್ ರೂಮಿನ ಹಳೆಯ ಮಾತನ್ನು ಅವರು ಎತ್ತಲಿಲ್ಲ. ಈ ಹೊಸ ವಿಡಿಯೋ ನೋಡಿದವರು ಬೆರಳೆಣಿಕೆಯಷ್ಟು. ಕೆಳಗೆ ಒಬ್ಬರು, "ಕೋಟು ಎಲ್ಲಿ ಮೇಡಂ?" ಎಂದು ಬರೆದಿದ್ದರು. ಇನ್ನೊಬ್ಬರು, "ದನಿ ಭಾಳ ಛಲೋ ಐತಿ," ಎಂದು ಬರೆದಿದ್ದರು. ಮೊನ್ನೆ ಹಿಪ್ಪರಗಿ ಕಡೆಯ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಮತ್ತೆ ಆ ಹಳೆಯದೇ ಕೇಳಿಸಿತು, ಮಗ್ಗಕ್ಕೆ ಎಣ್ಣೆ ಬಿಡುವ ಅಣ್ಣ. ಎದ್ದು ಹೋಗಿ ಆ ಮನುಷ್ಯನಿಗೆ ಅದು ತಪ್ಪು ಎಂದು ಹೇಳಿದೆ. ಅವನು ಫೋನನ್ನೂ ನನ್ನನ್ನೂ ನೋಡಿ, "ನಿಮಗೇನ್ ಗೊತ್ರಿ? ಇವ್ರು ಡಾಕ್ಟರ್ ಅದಾರ," ಎಂದ.

ಹುಡುಗಿ ಈಗ ಹತ್ತನೆಯ ತರಗತಿ. ಮೊದಲ ಬೆಂಚಿನಲ್ಲಿ, ಬಲಗಿವಿ ನನ್ನ ಕಡೆ ಬರುವ ಹಾಗೆ ಕೂಡಿಸಿದ್ದೇನೆ. ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟಿದ್ದೇನೆ. ಕಂಠಪಾಠಕ್ಕೆ ಕರೆದರೆ ಮಾತ್ರ ಬರುವುದಿಲ್ಲ. "ನನ್ನ ದನಿ ನನಗ ಬ್ಯಾರೇದವ್ರದ್ದು ಅನಸ್ತೈತ್ರಿ ಟೀಚರ್," ಎಂದಳು, ಒಂದೇ ಸಲ. ನಾನು ಮತ್ತೆ ಕರೆಯಲಿಲ್ಲ.

ಹೋದ ತಿಂಗಳು ಸಾಲೆ ಬಿಟ್ಟ ಮೇಲೆ ಅವಳೊಬ್ಬಳೇ ಕ್ಲಾಸಿನಲ್ಲಿ ಉಳಿದು ಬೋರ್ಡು ಒರೆಸುತ್ತಿದ್ದಳು. ನಾನು ಅವಳ ಹಿಂದೆ, ಎಡಗಿವಿಯ ಕಡೆ ನಿಂತಿದ್ದೆ. ಅಲ್ಲಿ ನಿಲ್ಲಬೇಕೆಂದು ನಿಂತದ್ದಲ್ಲ ಎಂದು ಬರೆಯೋಣವೆನಿಸುತ್ತದೆ. ಬರೆಯುವುದಿಲ್ಲ. ಆ ಮಗ್ಗದ ಮಾತು ನನ್ನದೇ ಆಗಿತ್ತು, ಯಾರೂ ಬರೆದುಕೊಟ್ಟದ್ದಲ್ಲ, ನಿನ್ನ ಕಿವಿ ಹೋದದ್ದು ನನ್ನಿಂದ, ನನ್ನನ್ನು ಕ್ಷಮಿಸು ಎಂದು ಹೇಳಿದೆ. ಮೈಕಿಲ್ಲದೆ, ಮನೆಯ ಕನ್ನಡದಲ್ಲಿ, ಮೆಲ್ಲಗೆ ಹೇಳಿದೆ. ಅವಳು ಒರೆಸುತ್ತಲೇ ಇದ್ದಳು. ಆಮೇಲೆ ಏನೋ ಅನಿಸಿರಬೇಕು, ತಿರುಗಿ ನನ್ನ ತುಟಿ ನೋಡಿದಳು.

"ಏನಂದ್ರಿ ಟೀಚರ್?"

"ನಾಳಿಗೆ ನೋಟ್‌ಬುಕ್ ತಗೊಂಡ ಬಾ ಅಂದೆ," ಎಂದೆ.

"ಹೂಂ ರೀ," ಎಂದಳು.

ಮರುದಿನ ನಾನು ಕ್ಲಾಸಿಗೆ ಹೋಗುವಷ್ಟರಲ್ಲಿ ನೋಟ್‌ಬುಕ್ಕು ಮೇಜಿನ ಮೇಲಿತ್ತು. ನಾನು ಹೇಳಿದ್ದನ್ನು ಅವಳು ಇನ್ನೂ ತಪ್ಪದೆ ಮಾಡುತ್ತಾಳೆ.